ಆಕ್ಯುಪೈಡ್ ಬ್ಯಾಂಡ್‌ವಿಡ್ತ್: ಸ್ಪೆಕ್ಟ್ರಮ್ ಅನಲೈಸರ್ ಕೊಟ್ಟ ಸಂಖ್ಯೆಯನ್ನು ನಂಬುವ ಮೊದಲು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ, ಪೈವಳಿಕೆ ಕಡೆಯ ಎಷ್ಟೋ ಅಡಿಕೆ ತೋಟಗಳಿಗೆ ಇವತ್ತಿಗೂ ಸುರಂಗದ ನೀರೇ ಆಧಾರ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಸಣ್ಣಗೆ ಇಳಿದು ಟ್ಯಾಂಕಿ ತುಂಬುತ್ತದೆ. ಟ್ಯಾಂಕಿ ಮೇಲೆ ಗುಡ್ಡದಲ್ಲಿ, ಮನೆ ಕೆಳಗೆ ತೋಟದ ಬದಿಯಲ್ಲಿ. ನೀರಿನ ಮಟ್ಟ ನೋಡಲು ಪ್ರತಿ ಸಲ ಗುಡ್ಡ ಹತ್ತುವ ಬದಲು ಒಂದು ಲೋರಾ ನೋಡ್ (ಕಮ್ಮಿ ಪವರ್‌ನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೋ ಸಾಧನ) ಕೂರಿಸಿದರೆ ಸಾಕು. ಸಿಮ್ ಬೇಡ, ತಿಂಗಳ ಬಿಲ್ ಇಲ್ಲ, ಸಣ್ಣ ಬ್ಯಾಟರಿಯಲ್ಲೇ ನಡೆಯುತ್ತದೆ. ಕಾಲೇಜಿನ ಮಕ್ಕಳ ಪ್ರಾಜೆಕ್ಟ್‌ಗೂ ಹೇಳಿ ಮಾಡಿಸಿದ ವಿಷಯ.

ನೋಡ್ ಮಾಡಿ ಆಯಿತು, ಡೇಟಾ ಮೊಬೈಲಿಗೆ ಬಂತು ಅಂದುಕೊಳ್ಳಿ. ಆಮೇಲೆ ಬರುವ ಪ್ರಶ್ನೆ ಬೇರೆ. ಈ ಸಿಗ್ನಲ್ ಗಾಳಿಯಲ್ಲಿ ಎಷ್ಟು ಅಗಲದ ಜಾಗ, ಅಂದರೆ ಎಷ್ಟು ಫ್ರೀಕ್ವೆನ್ಸಿ, ಹಿಡಿಯುತ್ತಿದೆ? ಇದನ್ನೇ ಆಕ್ಯುಪೈಡ್ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಬ್ಯಾಂಡನ್ನು ಲೈಸೆನ್ಸ್ ಇಲ್ಲದೆ ಬಳಸಲು 2005ರಲ್ಲಿ ಬಿಟ್ಟುಕೊಟ್ಟರು. 2021ರಲ್ಲಿ ಅದು 868ರವರೆಗೆ ಹಿಗ್ಗಿತು. ಆದರೆ ಷರತ್ತುಗಳಿವೆ. 2005ರ ನಿಯಮದ ಪ್ರಕಾರ ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್ ಮೀರಬಾರದು, ಆಂಟೆನಾ ಲೆಕ್ಕ ಸೇರಿಸಿದ ಪವರ್ 4 ವ್ಯಾಟ್ ಮೀರಬಾರದು, ಕ್ಯಾರಿಯರ್ ಬ್ಯಾಂಡ್‌ವಿಡ್ತ್ 200 ಕಿಲೋಹರ್ಟ್ಸ್ ಮೀರಬಾರದು. ಲೋರಾ ಮೊಡ್ಯೂಲ್‌ನಲ್ಲಿ ನಾವು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಎಂದು ಸೆಟ್ ಮಾಡುತ್ತೇವೆ. ಕಾಗದದ ಮೇಲೆ ಎಲ್ಲವೂ ಸರಿ. ನಿಜಕ್ಕೂ ಅಷ್ಟೇ ಇದೆಯಾ ಅನ್ನುವುದನ್ನು ಅಳೆದೇ ನೋಡಬೇಕು. ಅದಕ್ಕೆ ಬೇಕಾದದ್ದು ಸ್ಪೆಕ್ಟ್ರಮ್ ಅನಲೈಸರ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಪವರ್ ಇದೆ ಎಂದು ಗೆರೆಯಾಗಿ ತೋರಿಸುವ ಯಂತ್ರ.

ಈಗಿನ ಹೆಚ್ಚಿನ ಅನಲೈಸರ್‌ಗಳಲ್ಲಿ ಇದಕ್ಕೆಂದೇ ಓಬಿಡಬ್ಲ್ಯೂ (ಆಕ್ಯುಪೈಡ್ ಬ್ಯಾಂಡ್‌ವಿಡ್ತ್‌ನ ಚುಟುಕು) ಅನ್ನುವ ಬಟನ್ ಇರುತ್ತದೆ. ಒತ್ತಿದ ತಕ್ಷಣ ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತದೆ. ತೊಂದರೆ ಇರುವುದು ಅಲ್ಲೇ. ಸೆಟ್ಟಿಂಗ್ ಸರಿ ಇದ್ದರೂ ಸಂಖ್ಯೆ ಬರುತ್ತದೆ, ತಪ್ಪಿದ್ದರೂ ಬರುತ್ತದೆ, ಸಿಗ್ನಲ್ಲೇ ಇಲ್ಲದಿದ್ದರೂ ಬರುತ್ತದೆ! ಕೇಬಲ್ ಕಳಚಿ ಬಟನ್ ಒತ್ತಿ ನೋಡಿ. ಸ್ಪ್ಯಾನ್‌ನ, ಅಂದರೆ ಪರದೆಯಲ್ಲಿ ಕಾಣುವ ಒಟ್ಟು ಫ್ರೀಕ್ವೆನ್ಸಿ ಅಗಲದ, ಸುಮಾರು ಶೇಕಡಾ 99ರಷ್ಟು ಅಗಲವನ್ನು ಅದು ಗಂಭೀರವಾಗಿ ತೋರಿಸುತ್ತದೆ. ಯಾಕೆ ಹಾಗೆ ಎಂದು ತಿಳಿದರೆ ಉಳಿದ ಸೆಟ್ಟಿಂಗ್‌ಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಬಟನ್ ಒಳಗೆ ನಡೆಯುವ ಲೆಕ್ಕ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಇದಕ್ಕೆ ಕೊಟ್ಟ ಅರ್ಥ ಸರಳ. ಸಿಗ್ನಲ್‌ನ ಒಟ್ಟು ಸರಾಸರಿ ಪವರ್ ತೆಗೆದುಕೊಳ್ಳಿ. ಕೆಳಗಿನ ಅಂಚಿನಿಂದ ಆಚೆ ಶೇಕಡಾ 0.5, ಮೇಲಿನ ಅಂಚಿನಿಂದ ಆಚೆ ಶೇಕಡಾ 0.5 ಪವರ್ ಉಳಿಯುವ ಹಾಗೆ ಎರಡು ಗೆರೆ ಎಳೆಯಿರಿ. ನಡುವೆ ಶೇಕಡಾ 99 ಪವರ್ ಇರುತ್ತದೆ. ಆ ಎರಡು ಗೆರೆಗಳ ನಡುವಿನ ಅಂತರವೇ ಆಕ್ಯುಪೈಡ್ ಬ್ಯಾಂಡ್‌ವಿಡ್ತ್.

ಅನಲೈಸರ್ ಮಾಡುವುದೂ ಅದನ್ನೇ. ಪರದೆಯ ಮೇಲಿನ ಗೆರೆ ನೂರಾರು ಬಿಂದುಗಳಿಂದ ಆಗಿದೆ. ಪ್ರತಿ ಬಿಂದುವಿನ ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್) ಬೆಲೆಯನ್ನು ಮಿಲಿವ್ಯಾಟ್‌ಗೆ ತಿರುಗಿಸಿ, ಎಲ್ಲವನ್ನೂ ಕೂಡಿಸುತ್ತದೆ. ಎಡ ತುದಿಯಿಂದ ಒಂದೊಂದೇ ಬಿಂದು ಕೂಡಿಸುತ್ತಾ ಒಳಗೆ ಬರುತ್ತದೆ. ಒಟ್ಟಿನ ಶೇಕಡಾ 0.5 ಆದಲ್ಲಿ ನಿಲ್ಲುತ್ತದೆ. ಬಲದಿಂದಲೂ ಹಾಗೆಯೇ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಟ್ಟು ಪವರ್ ಅಂದರೆ ಸಿಗ್ನಲ್‌ನ ಪವರ್ ಎಂದು ಐಟಿಯು ಹೇಳಿತು. ಅನಲೈಸರ್‌ಗೆ ಯಾವುದು ಸಿಗ್ನಲ್, ಯಾವುದು ನಾಯ್ಸ್ (ಸದಾ ಇರುವ ಹಿನ್ನೆಲೆಯ ಗದ್ದಲ), ಯಾವುದು ಪಕ್ಕದ ಮನೆಯವರ ಟ್ರಾನ್ಸ್‌ಮಿಟರ್ ಎಂದು ಗೊತ್ತಿಲ್ಲ. ಪರದೆಯಲ್ಲಿ ಕಾಣುವುದೆಲ್ಲ ಅದರ ಪಾಲಿಗೆ ಸಿಗ್ನಲ್ಲೇ. ಹಾಗಾಗಿ ಪರದೆಯ ಮೇಲೆ ಏನು ಕಾಣಬೇಕು ಅನ್ನುವುದನ್ನು ನಾವೇ ತೀರ್ಮಾನಿಸಬೇಕು.

ನಾಯ್ಸ್ ಮತ್ತು ಸ್ಪ್ಯಾನ್

ಸಂಖ್ಯೆ ಕೆಡುವುದು ಜಾಸ್ತಿ ಇಲ್ಲೇ. ಆದ್ದರಿಂದ ಒಂದು ಲೆಕ್ಕವನ್ನು ನಿಧಾನವಾಗಿ ಮಾಡಿ ನೋಡೋಣ.

ಸರಿಯಾಗಿ 100 ಕಿಲೋಹರ್ಟ್ಸ್ ಅಗಲದ, ಮೇಲೆ ಸಮತಟ್ಟಾದ ಒಂದು ಸಿಗ್ನಲ್ ಇದೆ ಎನ್ನಿ. ಇದರ ನಿಜವಾದ ಶೇಕಡಾ 99 ಅಗಲ 99 ಕಿಲೋಹರ್ಟ್ಸ್. ಪರದೆಯಲ್ಲಿ ನಾಯ್ಸ್ ಇದಕ್ಕಿಂತ 20 ಡಿಬಿ ಕೆಳಗಿದೆ. ಕಣ್ಣಿಗೆ 20 ಡಿಬಿ ಅಂದರೆ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಸಿಗ್ನಲ್ ಎದ್ದು ನಿಂತಿದೆ. ಈಗ ಸ್ಪ್ಯಾನ್ 500 ಕಿಲೋಹರ್ಟ್ಸ್ ಇಡಿ.

20 ಡಿಬಿ ಅಂದರೆ ನೂರನೇ ಒಂದು ಪಾಲು. ಸಿಗ್ನಲ್‌ನ ಒಟ್ಟು ಪವರ್ 1 ಆದರೆ, ಅದೇ 100 ಕಿಲೋಹರ್ಟ್ಸ್ ಅಗಲದ ನಾಯ್ಸ್ 0.01. ಸ್ಪ್ಯಾನ್ ಐದು ಪಟ್ಟು ಅಗಲ ಇರುವುದರಿಂದ ಒಟ್ಟು ನಾಯ್ಸ್ 0.05. ಎಲ್ಲ ಸೇರಿ 1.05. ಇದರ ಶೇಕಡಾ 0.5 ಅಂದರೆ 0.00525. ಎಡಗಡೆ ಖಾಲಿ ಇರುವ 200 ಕಿಲೋಹರ್ಟ್ಸ್‌ನಲ್ಲಿ ನಾಯ್ಸ್ ಎಷ್ಟಿದೆ? 0.02. ಬೇಕಾದದ್ದಕ್ಕಿಂತ ಸುಮಾರು ನಾಲ್ಕು ಪಟ್ಟು. ಅಂದರೆ ಎಡದಿಂದ ಕೂಡಿಸುತ್ತಾ ಬಂದ ಅನಲೈಸರ್ ಸಿಗ್ನಲ್ ಹತ್ತಿರಕ್ಕೂ ಬರುವುದಿಲ್ಲ. ತುದಿಯಿಂದ 52.5 ಕಿಲೋಹರ್ಟ್ಸ್ ಒಳಗೆ ಬಂದು ನಾಯ್ಸ್‌ನ ಮೇಲೆಯೇ ಗೆರೆ ಎಳೆದುಬಿಡುತ್ತದೆ. ಬಲಗಡೆಯೂ ಅದೇ ಕಥೆ. ಉತ್ತರ: 395 ಕಿಲೋಹರ್ಟ್ಸ್. ನಿಜದ ನಾಲ್ಕು ಪಟ್ಟು!

ಅದೇ ಸಿಗ್ನಲ್, ಅದೇ ನಾಯ್ಸ್. ಸ್ಪ್ಯಾನ್ ಮಾತ್ರ 150 ಕಿಲೋಹರ್ಟ್ಸ್‌ಗೆ ಇಳಿಸಿ ಮತ್ತೆ ಲೆಕ್ಕ ಮಾಡಿದರೆ ಉತ್ತರ 99.5 ಬರುತ್ತದೆ. ಇನ್ನೊಂದು ದಾರಿ, ಸ್ಪ್ಯಾನ್ 500 ಇರಲಿ, ನಾಯ್ಸ್ ಮಾತ್ರ 30 ಡಿಬಿ ಕೆಳಗೆ ಹೋಗಲಿ. ಆಗ 99.4. ಎರಡೂ ನಿಜದ ಅತಿ ಹತ್ತಿರ.

ಇದರಿಂದ ಸ್ಪ್ಯಾನ್ ಎಷ್ಟಿರಬೇಕು ಅನ್ನುವುದಕ್ಕೆ ಉತ್ತರ ಸಿಕ್ಕಿತು. ಪರೀಕ್ಷಾ ವಿಧಾನಗಳು ಸಿಗ್ನಲ್ ಅಗಲದ ಒಂದೂವರೆ ಪಟ್ಟಿನಿಂದ ಐದು ಪಟ್ಟು ಎನ್ನುತ್ತವೆ. ನಾನು ಎರಡರಿಂದ ಎರಡೂವರೆ ಪಟ್ಟಿಗೆ ನಿಲ್ಲಿಸುತ್ತೇನೆ. ತೀರಾ ಕಮ್ಮಿ ಇಟ್ಟರೆ ಸಿಗ್ನಲ್‌ನ ಬಾಲವೇ ಪರದೆಯಿಂದ ಹೊರಗೆ ಹೋಗಿ, ಉತ್ತರ ನಿಜಕ್ಕಿಂತ ಸಣ್ಣದಾಗಿ ಚೆಂದ ಕಾಣುತ್ತದೆ. ಅದೂ ಮೋಸವೇ. ಲೋರಾದ 125 ಕಿಲೋಹರ್ಟ್ಸ್‌ಗೆ 300 ಕಿಲೋಹರ್ಟ್ಸ್ ಸ್ಪ್ಯಾನ್ ಹಿಡಿಸುತ್ತದೆ.

ಸೆಂಟರ್ ಫ್ರೀಕ್ವೆನ್ಸಿ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಭಾರತದ ಲೋರಾವಾನ್ (ಲೋರಾ ನೋಡ್‌ಗಳ ನೆಟ್‌ವರ್ಕ್ ಪದ್ಧತಿ) ಚಾನೆಲ್ ಯೋಜನೆಯಲ್ಲಿ 865.0625, 865.4025, 865.985 ಮೆಗಾಹರ್ಟ್ಸ್ ಎಂಬ ಮೂರು ಚಾನೆಲ್‌ಗಳು ಮೊದಲೇ ನಿಗದಿಯಾಗಿವೆ. ನೋಡ್ ಯಾವುದರಲ್ಲಿ ಕಳಿಸುತ್ತಿದೆಯೋ ಅದನ್ನೇ ಸೆಂಟರ್‌ಗೆ ಹಾಕಿ. ಅಗ್ಗದ ಕ್ರಿಸ್ಟಲ್ ದಶಲಕ್ಷಕ್ಕೆ 10ರಷ್ಟು ಆಚೀಚೆ ಹೋದರೆ 865 ಮೆಗಾಹರ್ಟ್ಸ್‌ನಲ್ಲಿ ಸುಮಾರು 8.65 ಕಿಲೋಹರ್ಟ್ಸ್ ಜಾರುತ್ತದೆ. ಓಬಿಡಬ್ಲ್ಯೂ ಅಳತೆಯ ಜೊತೆಗೆ ಹಲವು ಅನಲೈಸರ್‌ಗಳು ಫ್ರೀಕ್ವೆನ್ಸಿ ಎಷ್ಟು ಜಾರಿದೆ ಎಂಬುದನ್ನೂ ತೋರಿಸುತ್ತವೆ. ಪುಕ್ಕಟೆ ಸಿಗುವ ಮಾಹಿತಿ, ಬರೆದಿಟ್ಟುಕೊಳ್ಳಿ.

ನಾಯ್ಸ್ ಇಳಿಸುವುದು ಹೇಗೆ? ಆರ್‌ಬಿಡಬ್ಲ್ಯೂ (ಅನಲೈಸರ್‌ನ ಫಿಲ್ಟರ್ ಅಗಲ, ಮುಂದಿನ ಭಾಗದಲ್ಲಿ ನೋಡೋಣ) ಕಮ್ಮಿ ಮಾಡಿದರೆ ನಾಯ್ಸ್ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹತ್ತು ಪಟ್ಟು ಕಮ್ಮಿ ಮಾಡಿದರೆ 10 ಡಿಬಿ ಇಳಿಯುತ್ತದೆ, ನಿಜ. ಆದರೆ ನಾಯ್ಸ್‌ನಂತೆಯೇ ಹರಡಿಕೊಂಡ ಅಗಲದ ಡಿಜಿಟಲ್ ಸಿಗ್ನಲ್ ಕೂಡ ಅದೇ 10 ಡಿಬಿ ಇಳಿಯುತ್ತದೆ. ಎರಡರ ಅಂತರ ಇದ್ದಲ್ಲೇ ಇರುತ್ತದೆ. ಒಂಟಿ ಕ್ಯಾರಿಯರ್‌ಗೆ (ಮಾಹಿತಿ ಹೊರದ, ಒಂದೇ ಫ್ರೀಕ್ವೆನ್ಸಿಯ ಅಲೆಗೆ) ಮಾತ್ರ ಈ ಉಪಾಯ ನಡೆಯುತ್ತದೆ. ಅಗಲದ ಸಿಗ್ನಲ್‌ಗೆ ನಿಜವಾದ ಮದ್ದು ಬೇರೆ: ಆಂಟೆನಾದಿಂದ ಗಾಳಿಯಲ್ಲಿ ಹಿಡಿಯುವ ಬದಲು ಮೊಡ್ಯೂಲ್‌ನಿಂದ ನೇರ ಕೇಬಲ್ ಎಳೆಯಿರಿ, ಅನಲೈಸರ್‌ನ ಒಳಗಿನ ಅಟೆನ್ಯುಯೇಷನ್ (ಸಿಗ್ನಲ್ ತಗ್ಗಿಸುವ ಮಟ್ಟ) ಬೇಕಾದಷ್ಟೇ ಇಡಿ.

ಆರ್‌ಬಿಡಬ್ಲ್ಯೂ: ಬ್ರಶ್ ಎಷ್ಟು ದಪ್ಪ?

ಅನಲೈಸರ್ ಒಂದು ಕಿರಿದಾದ ಫಿಲ್ಟರನ್ನು ಸ್ಪ್ಯಾನ್ ಉದ್ದಕ್ಕೂ ಓಡಿಸುತ್ತದೆ. ಆ ಫಿಲ್ಟರ್‌ನ ಅಗಲವೇ ರೆಸಲ್ಯೂಶನ್ ಬ್ಯಾಂಡ್‌ವಿಡ್ತ್, ಚುಟುಕಾಗಿ ಆರ್‌ಬಿಡಬ್ಲ್ಯೂ. ಪರದೆಯ ಮೇಲೆ ಚಿತ್ರ ಬರೆಯುವ ಬ್ರಶ್ ಇದು. ಸುಣ್ಣ ಬಳಿಯುವ ಬ್ರಶ್‌ನಲ್ಲಿ ರಂಗೋಲಿಯ ಎಳೆ ಎಳೆದರೆ ಎಳೆ ಬ್ರಶ್‌ನಷ್ಟೇ ದಪ್ಪವಾಗುತ್ತದೆ.

ಎಷ್ಟು ದಪ್ಪ ಎಂಬುದಕ್ಕೂ ಲೆಕ್ಕ ಇದೆ. ಹೆಚ್ಚಿನ ಅನಲೈಸರ್‌ಗಳ ಫಿಲ್ಟರ್ ಗಂಟೆಯ ಆಕಾರದ್ದು, ಅಂದರೆ ಗೌಸಿಯನ್‌ಗೆ ಹತ್ತಿರ. ಅಂಥ ಫಿಲ್ಟರ್‌ನ ಶೇಕಡಾ 99 ಅಗಲ ಅದರ 3 ಡಿಬಿ ಅಗಲದ (ಪವರ್ ಅರ್ಧಕ್ಕೆ ಇಳಿಯುವ ಎರಡು ಬಿಂದುಗಳ ಅಂತರ, ಆರ್‌ಬಿಡಬ್ಲ್ಯೂ ಎನ್ನುವುದು ಇದನ್ನೇ) ಸುಮಾರು 2.2 ಪಟ್ಟು. ಹಾಗಾಗಿ ಮಾಡ್ಯುಲೇಷನ್ ಇಲ್ಲದ ಶುದ್ಧ ಕ್ಯಾರಿಯರ್ ಕೊಟ್ಟು, ಆರ್‌ಬಿಡಬ್ಲ್ಯೂ 10 ಕಿಲೋಹರ್ಟ್ಸ್ ಇಟ್ಟರೆ, ಓಬಿಡಬ್ಲ್ಯೂ 22 ಕಿಲೋಹರ್ಟ್ಸ್ ಆಸುಪಾಸು ಬರುತ್ತದೆ. ಕ್ಯಾರಿಯರ್‌ನ ಅಗಲ ಹೆಚ್ಚುಕಮ್ಮಿ ಸೊನ್ನೆ. ಆ 22 ಪೂರ್ತಿ ಅನಲೈಸರ್‌ನದ್ದೇ.

ಯಾವ ಅಳತೆ ಶುರು ಮಾಡುವ ಮೊದಲೂ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಸಿಗ್ನಲ್ ಜನರೇಟರ್ ಇಲ್ಲದಿದ್ದರೂ ಪರವಾಗಿಲ್ಲ. ಎಸ್‌ಎಕ್ಸ್1262 ಎಂಬ ಲೋರಾ ಚಿಪ್‌ನಲ್ಲಿ ಬರೀ ಕ್ಯಾರಿಯರ್ ಕಳಿಸುತ್ತಾ ಇರು ಅನ್ನುವ ಆಜ್ಞೆ ಇದೆ. ಆರ್‌ಬಿಡಬ್ಲ್ಯೂ 3 ಕಿಲೋಹರ್ಟ್ಸ್ ಇಟ್ಟರೆ ಉತ್ತರ ಆರೂವರೆ ಕಿಲೋಹರ್ಟ್ಸ್ ಹತ್ತಿರ ಬರಬೇಕು. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ನಾಯ್ಸ್ ಎಲ್ಲೋ ಒಳಗೆ ನುಸುಳಿದೆ ಎಂದು ಗೊತ್ತಾಗುತ್ತದೆ. ನಿಜವಾದ ಸಿಗ್ನಲ್ ಹಾಕುವ ಮೊದಲೇ ತಪ್ಪು ಹಿಡಿಯಬಹುದು.

ಹಾಗಾದರೆ ಆರ್‌ಬಿಡಬ್ಲ್ಯೂ ಎಷ್ಟಿರಬೇಕು? ರೂಢಿಯಲ್ಲಿರುವ ನಿಯಮ, ಸಿಗ್ನಲ್ ಅಗಲದ ಶೇಕಡಾ 1ರಿಂದ 5. 125 ಕಿಲೋಹರ್ಟ್ಸ್‌ಗೆ ಇದು 1.25ರಿಂದ 6.25 ಕಿಲೋಹರ್ಟ್ಸ್. 3 ಕಿಲೋಹರ್ಟ್ಸ್ ಹೆಚ್ಚಿನ ಅನಲೈಸರ್‌ಗಳಲ್ಲಿ ಸಿಗುವ ಮೆಟ್ಟಿಲು, ಅದನ್ನೇ ಹಿಡಿಯೋಣ. ಇಲ್ಲೊಂದು ಕೋಳಿ ಮೊದಲಾ ಮೊಟ್ಟೆ ಮೊದಲಾ ಸಮಸ್ಯೆ ಇದೆ: ಅಗಲ ಗೊತ್ತಿಲ್ಲದೇ ಅದರ ಶೇಕಡಾ 1 ಹೇಗೆ ತಿಳಿಯುವುದು? ಒಂದು ಅಂದಾಜು ಇಟ್ಟು ಅಳೆಯಿರಿ. ಬಂದ ಉತ್ತರದ ಪ್ರಕಾರ ಆರ್‌ಬಿಡಬ್ಲ್ಯೂ ಬದಲಿಸಿ. ಮತ್ತೆ ಅಳೆಯಿರಿ. ಎರಡನೇ ಸುತ್ತಿಗೇ ಕೂತುಕೊಳ್ಳುತ್ತದೆ.

ಇನ್ನೂ ಕಮ್ಮಿ ಇಟ್ಟರೆ ಇನ್ನೂ ಒಳ್ಳೆಯದಲ್ವಾ ಅನ್ನಿಸಬಹುದು. ಅದಕ್ಕೆ ಬೆಲೆ ಕೊಡಬೇಕಾಗುತ್ತದೆ, ಸಮಯದ ರೂಪದಲ್ಲಿ. ಸ್ವೀಪ್ ಮಾಡುವ ಅನಲೈಸರ್‌ನಲ್ಲಿ ಒಂದು ಓಟಕ್ಕೆ ಬೇಕಾದ ಸಮಯ ಸ್ಪ್ಯಾನನ್ನು ಆರ್‌ಬಿಡಬ್ಲ್ಯೂನ ವರ್ಗದಿಂದ ಭಾಗಿಸಿ, ಎರಡು ಅಥವಾ ಮೂರರಿಂದ ಗುಣಿಸಿದಷ್ಟು. 300 ಕಿಲೋಹರ್ಟ್ಸ್ ಸ್ಪ್ಯಾನ್, 3 ಕಿಲೋಹರ್ಟ್ಸ್ ಆರ್‌ಬಿಡಬ್ಲ್ಯೂ ಇದ್ದರೆ ಸುಮಾರು 80 ಮಿಲಿಸೆಕೆಂಡ್. ಆರ್‌ಬಿಡಬ್ಲ್ಯೂ 300 ಹರ್ಟ್ಸ್‌ಗೆ ಇಳಿಸಿದರೆ 8 ಸೆಕೆಂಡ್! ಸ್ವೀಪ್ ಟೈಮನ್ನು ಆಟೋದಲ್ಲೇ ಬಿಡಿ. ಅವಸರಕ್ಕೆ ಕೈಯಾರೆ ಕಮ್ಮಿ ಮಾಡಿದರೆ ಫಿಲ್ಟರ್‌ಗೆ ತುಂಬಲು ಸಮಯ ಸಿಗದೆ ಸಿಗ್ನಲ್ ಕುಳ್ಳಗಾಗಿ, ಪಕ್ಕಕ್ಕೆ ಜಾರಿದಂತೆ ಕಾಣುತ್ತದೆ.

ವಿಬಿಡಬ್ಲ್ಯೂ, ಅಂದರೆ ಗೆರೆಯನ್ನು ನಯ ಮಾಡುವ ವಿಡಿಯೋ ಬ್ಯಾಂಡ್‌ವಿಡ್ತ್, ಇದರ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಕಿಲ್ಲ. ಆರ್‌ಬಿಡಬ್ಲ್ಯೂನ ಮೂರು ಪಟ್ಟು ಅಥವಾ ಅದಕ್ಕಿಂತ ಮೇಲೆ ಇಡಿ, ಅಂದರೆ ಇಲ್ಲಿ 10 ಕಿಲೋಹರ್ಟ್ಸ್. ಗೆರೆ ನಯವಾಗಿ ಕಾಣಲಿ ಎಂದು ಅದನ್ನು ತೀರಾ ಇಳಿಸುವ ಅಭ್ಯಾಸ ಹಲವರಿಗಿದೆ. ಫೋಟೋಗೆ ಚೆಂದ, ಲೆಕ್ಕಕ್ಕೆ ಕೆಟ್ಟದ್ದು. ಡಿಬಿ ಪರದೆಯಲ್ಲಿ ವಿಬಿಡಬ್ಲ್ಯೂ ಸರಾಸರಿ ಮಾಡುವುದು ಡಿಬಿ ಬೆಲೆಗಳನ್ನು, ಪವರನ್ನಲ್ಲ. ನಾಯ್ಸ್‌ನಂಥ ಸಿಗ್ನಲ್ ಆಗ 2.5 ಡಿಬಿ ಕಮ್ಮಿ ಕಾಣುತ್ತದೆ, ಒಂಟಿ ಕ್ಯಾರಿಯರ್ ಮಾತ್ರ ಇದ್ದಷ್ಟೇ ಇರುತ್ತದೆ. ಶೇಕಡಾವಾರು ಲೆಕ್ಕದಲ್ಲಿ ಈ ತಾರತಮ್ಯ ಬೇಡ. ಅವರೇಜ್ ಮಾಡಲೇಬೇಕಿದ್ದರೆ ಮೆನುವಿನಲ್ಲಿ ಪವರ್ ಅಥವಾ ಆರ್‌ಎಂಎಸ್ ಅವರೇಜ್ ಆರಿಸಿ, ಲಾಗ್ ಅವರೇಜ್ ಬೇಡ.

ಬಂದು ಹೋಗುವ ಸಿಗ್ನಲ್‌ನ ಕಷ್ಟ

ಪುಸ್ತಕದಲ್ಲಿ ಹೇಳುವ ಸಿಗ್ನಲ್ ಸದಾ ಇರುತ್ತದೆ. ನಮ್ಮ ಟ್ಯಾಂಕಿಯ ನೋಡ್ ಹಾಗಲ್ಲ. ಕಾಲು ಗಂಟೆಗೊಮ್ಮೆ ಎದ್ದು ಒಂದು ಪ್ಯಾಕೆಟ್ ಕಳಿಸಿ ಮಲಗುತ್ತದೆ. ಎಸ್‌ಎಫ್7ರಲ್ಲಿ (ಎಸ್‌ಎಫ್ ಅಂದರೆ ಲೋರಾದ ಸ್ಪ್ರೆಡಿಂಗ್ ಫ್ಯಾಕ್ಟರ್; ಸಂಖ್ಯೆ ಹೆಚ್ಚಿದಷ್ಟೂ ಕಳಿಸುವುದು ನಿಧಾನ) ಸಣ್ಣ ಪ್ಯಾಕೆಟ್ ಮುಗಿಯಲು 50 ಮಿಲಿಸೆಕೆಂಡ್ ಆಸುಪಾಸು ಸಾಕು. ನಮ್ಮ ಸ್ವೀಪ್ 80 ಮಿಲಿಸೆಕೆಂಡ್. ಅಂದರೆ ಒಂದು ಓಟ ಮುಗಿಯುವ ಮೊದಲೇ ಸಿಗ್ನಲ್ ಮಾಯ. ಪರದೆಯಲ್ಲಿ ಅರ್ಧ ಗುಡ್ಡ ಮಾತ್ರ ಕಾಣುತ್ತದೆ.

ಇದರ ಮೇಲೆ ಲೋರಾದ ಸ್ವಭಾವ ಇನ್ನೊಂದು. ಅದು ಚರ್ಪ್. ಒಂದೇ ಟೋನ್ 125 ಕಿಲೋಹರ್ಟ್ಸ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರುತ್ತಾ ಹೋಗುತ್ತದೆ. ಎಸ್‌ಎಫ್7ರಲ್ಲಿ ಒಂದು ಜಾರಾಟಕ್ಕೆ 1.024 ಮಿಲಿಸೆಕೆಂಡ್, ಎಸ್‌ಎಫ್12ರಲ್ಲಿ 32.768 ಮಿಲಿಸೆಕೆಂಡ್. ಅತ್ತ ಸಿಗ್ನಲ್ ಓಡುತ್ತಿದೆ, ಇತ್ತ ಅನಲೈಸರ್‌ನ ಫಿಲ್ಟರೂ ಓಡುತ್ತಿದೆ. ಇಬ್ಬರೂ ಎದುರಾದ ಕಡೆ ಮಾತ್ರ ಒಂದು ಮುಳ್ಳು ಮೂಡುತ್ತದೆ. ಎಸ್‌ಎಫ್12 ಇಟ್ಟು ಒಂದೇ ಸ್ವೀಪ್ ನೋಡಿದರೆ ಅಲ್ಲೊಂದು ಇಲ್ಲೊಂದು ಮುಳ್ಳು, ಅಷ್ಟೇ. ಅದರ ಮೇಲೆ ಓಬಿಡಬ್ಲ್ಯೂ ಒತ್ತಿದರೆ ಪ್ರತಿ ಸಲವೂ ಬೇರೆ ಸಂಖ್ಯೆ.

ಇದಕ್ಕೆ ಸುಲಭದ ದಾರಿ ಮ್ಯಾಕ್ಸ್ ಹೋಲ್ಡ್, ಅಂದರೆ ಪ್ರತಿ ಬಿಂದುವಿನಲ್ಲಿ ಅಲ್ಲಿಯವರೆಗೆ ಕಂಡ ಅತಿ ಹೆಚ್ಚಿನ ಬೆಲೆಯನ್ನು ಹಿಡಿದಿಡುವುದು. ಡಿಟೆಕ್ಟರ್ (ಪ್ರತಿ ಬಿಂದುವಿಗೆ ಯಾವ ಬೆಲೆ ಆರಿಸಬೇಕು ಎಂಬ ಸೆಟ್ಟಿಂಗ್) ಪೀಕ್, ಟ್ರೇಸ್ (ಪರದೆಯ ಗೆರೆ) ಮ್ಯಾಕ್ಸ್ ಹೋಲ್ಡ್. ನೋಡ್‌ನ ಪ್ರೋಗ್ರಾಂ ಬದಲಿಸಿ ಪ್ಯಾಕೆಟ್‌ಗಳನ್ನು ಬಿಡದೆ ಕಳಿಸುವಂತೆ ಮಾಡಿ. ಗೆರೆ ತುಂಬಿ, ಇನ್ನು ಬದಲಾಗದೆ ನಿಂತ ಮೇಲೆ ಅಳೆಯಿರಿ. ಕಾಲು ಗಂಟೆಗೊಂದು ಪ್ಯಾಕೆಟ್ ಕಾಯುತ್ತಾ ಕೂತರೆ ಮಳೆಗಾಲ ಮುಗಿದೀತು.

ಆದರೆ ಮ್ಯಾಕ್ಸ್ ಹೋಲ್ಡ್‌ಗೂ ಒಂದು ಕೆಟ್ಟ ಗುಣ ಇದೆ. ಅದು ನಾಯ್ಸ್‌ನ ಅತಿ ಎತ್ತರದ ಮುಳ್ಳುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನಾಯ್ಸ್‌ನ ನೆಲ ಹತ್ತು ಡಿಬಿಯಷ್ಟು ಮೇಲೆ ಬಂದಂತಾಗುತ್ತದೆ. ಮೇಲಿನ ಲೆಕ್ಕ ನೆನಪಿದೆಯಲ್ಲ? 30 ಡಿಬಿ ಇದ್ದದ್ದು 20 ಆದರೆ ಅಗಲದ ಸ್ಪ್ಯಾನ್‌ನಲ್ಲಿ ಉತ್ತರ ಎಲ್ಲಿಗೋ ಹೋಗುತ್ತದೆ. ಆದ್ದರಿಂದ ಮ್ಯಾಕ್ಸ್ ಹೋಲ್ಡ್ ಬಳಸುವಾಗ ಸಿಗ್ನಲ್ ಮತ್ತು ನಾಯ್ಸ್ ನಡುವೆ 40 ಡಿಬಿ ಅಂತರ ಇರುವಂತೆ ನೋಡಿಕೊಳ್ಳುತ್ತೇನೆ. ನೇರ ಕೇಬಲ್ ಇದ್ದರೆ ಇದು ದೊಡ್ಡ ವಿಷಯವಲ್ಲ.

ಎಸ್‌ಎಕ್ಸ್1262ರಲ್ಲಿ ಪ್ರಿಯಾಂಬಲ್ (ಪ್ಯಾಕೆಟ್‌ನ ಆರಂಭದ ಭಾಗ) ಮಾತ್ರ ನಿಲ್ಲಿಸದೆ ಕಳಿಸುವ ಇನ್ನೊಂದು ಆಜ್ಞೆ ಇದೆ. ಸಿಗ್ನಲ್ ಸದಾ ಇರುವುದರಿಂದ ಪವರ್ ಅವರೇಜ್ ಮಾಡಬಹುದು, ಮ್ಯಾಕ್ಸ್ ಹೋಲ್ಡ್ ಬೇಡ. ಸೆಟ್ಟಿಂಗ್ ಕಲಿಯಲು ಇದು ಬಹಳ ಅನುಕೂಲ. ಆದರೆ ಒಂದೇ ಚರ್ಪ್ ಮತ್ತೆ ಮತ್ತೆ ಬರುವುದರಿಂದ ಆರ್‌ಬಿಡಬ್ಲ್ಯೂ ತೀರಾ ಸಣ್ಣದಿಟ್ಟರೆ ಸ್ಪೆಕ್ಟ್ರಮ್ ಬಾಚಣಿಗೆ ಹಲ್ಲಿನಂತೆ ಒಡೆದು ಕಾಣುತ್ತದೆ. ಎಸ್‌ಎಫ್7ರಲ್ಲಿ ಹಲ್ಲುಗಳ ನಡುವೆ 977 ಹರ್ಟ್ಸ್. ವರದಿಗೆ ಹಾಕುವ ಅಂತಿಮ ಅಳತೆಯನ್ನು ನಿಜವಾದ ಡೇಟಾ ಪ್ಯಾಕೆಟ್‌ಗಳ ಮೇಲೆಯೇ ಮಾಡಿ.

ಟ್ರೇಸ್‌ನ ಬಿಂದುಗಳ ಸಂಖ್ಯೆಯ ಬಗ್ಗೆ ಒಂದು ಮಾತು. 300 ಕಿಲೋಹರ್ಟ್ಸ್‌ಗೆ 1001 ಬಿಂದು ಇದ್ದರೆ ಬಿಂದುವಿಗೆ 300 ಹರ್ಟ್ಸ್, ಆರ್‌ಬಿಡಬ್ಲ್ಯೂಗಿಂತ ತುಂಬಾ ಕಮ್ಮಿ. ಸಮಸ್ಯೆ ಇಲ್ಲ. ಕೈಯಲ್ಲಿ ಹಿಡಿಯುವ ಅಗ್ಗದ ಅನಲೈಸರ್‌ಗಳಲ್ಲಿ ಬಿಂದುಗಳು ಕಮ್ಮಿ ಇರಬಹುದು. ಎರಡು ಬಿಂದುಗಳ ಅಂತರ ಆರ್‌ಬಿಡಬ್ಲ್ಯೂನ ಅರ್ಧ ಮೀರಿದರೆ ಸ್ಯಾಂಪಲ್ ಡಿಟೆಕ್ಟರ್ ನಡುವಿನ ಪವರನ್ನು ಬಿಟ್ಟುಬಿಡುತ್ತದೆ.

ಮೊದಲು ಅಟೆನ್ಯುಯೇಟರ್, ಆಮೇಲೆ ಕೇಬಲ್

ಎಸ್‌ಎಕ್ಸ್1276 ಲೋರಾ ಚಿಪ್ ಗರಿಷ್ಠ 20 ಡಿಬಿಎಂ ಕೊಡುತ್ತದೆ, ಎಸ್‌ಎಕ್ಸ್1262 22 ಡಿಬಿಎಂ. ಲ್ಯಾಬಿನ ದೊಡ್ಡ ಅನಲೈಸರ್‌ಗಳ ಇನ್‌ಪುಟ್ ಸಾಮಾನ್ಯವಾಗಿ 30 ಡಿಬಿಎಂ, ಅಂದರೆ 1 ವ್ಯಾಟ್‌ವರೆಗೆ ತಡೆದುಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣವು ಅದಕ್ಕಿಂತ ಬಹಳ ಕಮ್ಮಿ. ಇನ್‌ಪುಟ್ ಪಕ್ಕದಲ್ಲಿ ಬರೆದಿರುತ್ತದೆ, ಓದಿ. ಮೊಡ್ಯೂಲ್ ಮತ್ತು ಅನಲೈಸರ್ ನಡುವೆ 30 ಡಿಬಿ ಅಟೆನ್ಯುಯೇಟರ್ ಹಾಕಿದರೆ 20 ಡಿಬಿಎಂ ಇದ್ದದ್ದು ಮೈನಸ್ 10 ಆಗುತ್ತದೆ. ಆರಾಮ.

ಕಾಸರಗೋಡು ಕಡಲ ತೀರದ ಮೀನುಗಾರಿಕೆ ಬೋಟುಗಳ ವಿಎಚ್‌ಎಫ್ ರೇಡಿಯೋ ಸೆಟ್ ಅಳೆಯಲು ಹೊರಟರೆ ಕಥೆ ಬೇರೆ. ಮೆರೈನ್ ವಿಎಚ್‌ಎಫ್ 25 ವ್ಯಾಟ್, ಅಂದರೆ 44 ಡಿಬಿಎಂ. ಬರೀ 30 ಡಿಬಿ ಸಣ್ಣ ಅಟೆನ್ಯುಯೇಟರ್ ಹಾಕಿದರೆ ಅದು ಸುಟ್ಟು, ಅದರ ಹಿಂದೆ ಅನಲೈಸರೂ ಸುಡುತ್ತದೆ. ಆ ಸೆಟ್‌ಗಳಲ್ಲಿ 1 ವ್ಯಾಟ್‌ಗೆ ಇಳಿಸುವ ಬಟನ್ ಇರುತ್ತದೆ, ಬಳಸಿ. ಪವರ್ ತಡೆಯುವ ಅಟೆನ್ಯುಯೇಟರ್ ಇಲ್ಲದೆ ಮುಟ್ಟಬೇಡಿ. 156.8 ಮೆಗಾಹರ್ಟ್ಸ್‌ನ 16ನೇ ಚಾನೆಲ್ ಅಪಾಯ, ಸುರಕ್ಷತೆ ಮತ್ತು ಮೊದಲ ಕರೆಗೆ ಮೀಸಲು. ಅದರಲ್ಲಿ ಆಂಟೆನಾ ಕಟ್ಟಿ ಪರೀಕ್ಷೆ ಮಾಡುವಂತೆಯೇ ಇಲ್ಲ.

ಅನಲೈಸರ್ ಸುಡದಿದ್ದರೂ ಓವರ್‌ಲೋಡ್ ಆಗಬಹುದು. ಒಳಗಿನ ಮಿಕ್ಸರ್‌ಗೆ ಪವರ್ ಜಾಸ್ತಿಯಾದರೆ ಸಿಗ್ನಲ್‌ನ ಎರಡೂ ಬದಿಗೆ ಹೆಗಲು ಮೂಡುತ್ತದೆ, ಅಗಲ ಹಿಗ್ಗುತ್ತದೆ. ಹೆಗಲು ನೋಡ್‌ನದ್ದೋ ಅನಲೈಸರ್‌ನದ್ದೋ? ಪತ್ತೆ ಮಾಡುವುದು ಸುಲಭ. ಅನಲೈಸರ್‌ನ ಇನ್‌ಪುಟ್ ಅಟೆನ್ಯುಯೇಷನ್ 10 ಡಿಬಿ ಏರಿಸಿ. ಅದು ಪರದೆಯಲ್ಲಿ ಮಟ್ಟವನ್ನು ತಾನೇ ಸರಿಪಡಿಸಿಕೊಳ್ಳುವುದರಿಂದ ಸಿಗ್ನಲ್ ಇದ್ದಲ್ಲೇ ನಿಲ್ಲುತ್ತದೆ. ಹೆಗಲೂ ಅಲುಗದೆ ನಿಂತರೆ ಅದು ನೋಡ್‌ನದ್ದು. ಹೆಗಲು ಕುಸಿದರೆ ಅನಲೈಸರ್‌ನದ್ದು.

ಮಾತಾಡದಿದ್ದರೆ ಅಗಲ ಇಲ್ಲ

ಎಫ್‌ಎಂ ವಾಕಿಟಾಕಿ, ವಿಎಚ್‌ಎಫ್ ಸೆಟ್‌ಗಳಲ್ಲಿ ಬಟನ್ ಒತ್ತಿ ಸುಮ್ನೆ ಕೂತರೆ ಹೋಗುವುದು ಬರೀ ಕ್ಯಾರಿಯರ್. ಅಗಲ ಹುಟ್ಟುವುದು ಮಾತಿನಿಂದ. ಯಾರ ಮಾತು, ಎಷ್ಟು ಜೋರು ಎಂಬುದರ ಮೇಲೆ ಅಳತೆ ನಿಂತರೆ ಆಗುವುದಿಲ್ಲ. ಅದಕ್ಕೆ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿಯ ನಿಯಮದಲ್ಲಿ ಒಂದು ಗಟ್ಟಿ ವಿಧಾನ ಇದೆ: 2500 ಹರ್ಟ್ಸ್ ಟೋನ್ ಕೊಡಿ. ಅರ್ಧ ಡೀವಿಯೇಷನ್ (ಡೀವಿಯೇಷನ್ ಅಂದರೆ ಫ್ರೀಕ್ವೆನ್ಸಿ ಕೇಂದ್ರದಿಂದ ಸರಿಯುವ ದೂರ) ಬರುವ ಮಟ್ಟ ಹುಡುಕಿ, ಅದಕ್ಕಿಂತ 16 ಡಿಬಿ ಜೋರು ಮಾಡಿ, ಆಗ ಅಳೆಯಿರಿ. ಗಾಬರಿಯಲ್ಲಿ ಕಿರುಚಿದರೂ ಸೆಟ್‌ನ ಲಿಮಿಟರ್ ಅಗಲವನ್ನು ಹಿಡಿತದಲ್ಲಿಡುತ್ತದೆಯೇ ಎಂದು ಇದರಿಂದ ಗೊತ್ತಾಗುತ್ತದೆ.

ಎಷ್ಟು ಬರಬೇಕು ಎಂದು ಮೊದಲೇ ಅಂದಾಜಿಸಲು ಕಾರ್ಸನ್ ಸೂತ್ರ ಇದೆ. ಡೀವಿಯೇಷನ್‌ಗೆ ಅತಿ ಹೆಚ್ಚಿನ ಧ್ವನಿ ಫ್ರೀಕ್ವೆನ್ಸಿ ಕೂಡಿಸಿ, ಎರಡರಿಂದ ಗುಣಿಸಿ. ಮೆರೈನ್ ವಿಎಚ್‌ಎಫ್‌ನಲ್ಲಿ ಡೀವಿಯೇಷನ್ 5 ಕಿಲೋಹರ್ಟ್ಸ್, ಧ್ವನಿ 3 ಕಿಲೋಹರ್ಟ್ಸ್. ಅಗಲ 16 ಕಿಲೋಹರ್ಟ್ಸ್. ಇಂಥ ಸೆಟ್‌ನ ಕಾಗದದಲ್ಲಿ 16ಕೆ0ಜಿ3ಇ ಎಂದು ಕಾಣುತ್ತದಲ್ಲ, ಅದರ ಮೊದಲ ನಾಲ್ಕು ಅಕ್ಷರ ಹೇಳುವುದು ಇದನ್ನೇ. ದಶಮಾಂಶ ಬಿಂದುವಿನ ಜಾಗದಲ್ಲಿ ಕಿಲೋ ಅನ್ನುವ ಕೆ ಕೂತಿದೆ, ಅಷ್ಟೇ.

ಅನಲೈಸರ್ ಸರಿ ಇದೆಯೇ ಎಂದು ಪರೀಕ್ಷಿಸಲು ಎಫ್‌ಎಂನಲ್ಲಿ ಇನ್ನೊಂದು ಚೆಂದದ ಲೆಕ್ಕ ಸಿಗುತ್ತದೆ. ಟೋನ್ 2.5 ಕಿಲೋಹರ್ಟ್ಸ್, ಡೀವಿಯೇಷನ್ ಕೂಡ 2.5 ಕಿಲೋಹರ್ಟ್ಸ್ ಇಡಿ. ಗಣಿತದ ಪ್ರಕಾರ ಪವರ್‌ನ ಶೇಕಡಾ 58.5 ಕ್ಯಾರಿಯರ್‌ನಲ್ಲಿ, ಮೊದಲ ಜೋಡಿ ಸೈಡ್‌ಬ್ಯಾಂಡ್‌ನಲ್ಲಿ (ಕ್ಯಾರಿಯರ್‌ನ ಎರಡೂ ಬದಿಗೆ ಟೋನ್‌ನಷ್ಟು ಅಂತರದಲ್ಲಿ ಮೂಡುವ ಗೆರೆಗಳಲ್ಲಿ) ತಲಾ 19.4, ಎರಡನೇ ಜೋಡಿಯಲ್ಲಿ ತಲಾ 1.3, ಮೂರನೆಯದರಲ್ಲಿ ತಲಾ 0.04 ಮಾತ್ರ. ಹೊರಗಿನಿಂದ ಕೂಡಿಸುತ್ತಾ ಬಂದರೆ ಮೂರನೇ ಸೈಡ್‌ಬ್ಯಾಂಡ್‌ನಲ್ಲಿ 0.5 ತುಂಬುವುದಿಲ್ಲ, ಎರಡನೆಯದರಲ್ಲಿ ತುಂಬಿಬಿಡುತ್ತದೆ. ಎರಡನೆಯದು ಇರುವುದು 5 ಕಿಲೋಹರ್ಟ್ಸ್ ಆಚೆ. ಹಾಗಾಗಿ ಓಬಿಡಬ್ಲ್ಯೂ 10 ಕಿಲೋಹರ್ಟ್ಸ್ ಬರಬೇಕು. ಕಾರ್ಸನ್ ಸೂತ್ರವೂ 10 ಎನ್ನುತ್ತದೆ. ಆರ್‌ಬಿಡಬ್ಲ್ಯೂ 100 ಹರ್ಟ್ಸ್, ಸ್ಪ್ಯಾನ್ 25 ಕಿಲೋಹರ್ಟ್ಸ್ ಇಟ್ಟು 10ರ ಹತ್ತಿರ ಬಂದರೆ ಅನಲೈಸರನ್ನೂ ನಿಮ್ಮ ಕೈಯನ್ನೂ ನಂಬಬಹುದು.

ಜನರೇಟರ್, ಟ್ರಾನ್ಸ್‌ಮಿಟರ್ ಯಾವುದೂ ಇಲ್ಲದವರು ಸಣ್ಣ ಆಂಟೆನಾ ಸಿಕ್ಕಿಸಿ ರೇಡಿಯೋ ಸ್ಟೇಷನ್ ಮೇಲೆ ಕೈ ಪಳಗಿಸಬಹುದು. ನಮ್ಮ ಜಿಲ್ಲೆಯಲ್ಲಿ ಎತ್ತರದ ಜಾಗದಲ್ಲಿ ನಿಂತರೆ ಒಂದು ಕಡೆ ಮಂಗಳೂರು ಆಕಾಶವಾಣಿಯ 100.3, ಇನ್ನೊಂದು ಕಡೆ ಕಣ್ಣೂರಿನ 101.5. ಎರಡರ ನಡುವೆ 1.2 ಮೆಗಾಹರ್ಟ್ಸ್ ಇದೆ, ಒಂದನ್ನು ನೋಡುವಾಗ ಇನ್ನೊಂದು ಸ್ಪ್ಯಾನ್ ಒಳಗೆ ಬರುವುದಿಲ್ಲ. 75 ಕಿಲೋಹರ್ಟ್ಸ್ ಡೀವಿಯೇಷನ್, 15 ಕಿಲೋಹರ್ಟ್ಸ್ ಧ್ವನಿಗೆ ಕಾರ್ಸನ್ ಲೆಕ್ಕ 180 ಕಿಲೋಹರ್ಟ್ಸ್. ವಾರ್ತೆ ಓದುವಾಗ ಅಳೆಯಿರಿ, ಹಾಡು ಬರುವಾಗ ಅಳೆಯಿರಿ. ಮಾತಿನ ನಡುವೆ ಬಿಡುವು ಬಂದಾಗ ಗುಡ್ಡ ಕುಗ್ಗುವುದನ್ನೂ ವಾದ್ಯ ಜೋರಾದಾಗ ಹಿಗ್ಗುವುದನ್ನೂ ಕಣ್ಣಾರೆ ನೋಡಬಹುದು. ಆಂಟೆನಾದಿಂದ ಹಿಡಿದ ಸಿಗ್ನಲ್ ಆದ್ದರಿಂದ ನಾಯ್ಸ್ ಪಾಠವೂ ಜೊತೆಗೇ ಆಗುತ್ತದೆ. ಸ್ಪ್ಯಾನ್ 400 ಇಟ್ಟು ಒಮ್ಮೆ, 1 ಮೆಗಾಹರ್ಟ್ಸ್ ಇಟ್ಟು ಒಮ್ಮೆ ಅಳೆದು ಹೋಲಿಸಿ.

ನಾಯ್ಸ್ ಇಳಿಸಲು ಸಾಧ್ಯವೇ ಇಲ್ಲದ ಕಡೆ ಎಕ್ಸ್ ಡಿಬಿ ವಿಧಾನ ಇದೆ. ಪೀಕ್‌ನಿಂದ 26 ಡಿಬಿ ಕೆಳಗೆ ಸಿಗ್ನಲ್ ಎಷ್ಟು ಅಗಲ ಇದೆ ಎಂದು ಮಾತ್ರ ನೋಡುವುದು. ನಾಯ್ಸ್ ಅದಕ್ಕಿಂತ ಕೆಳಗಿದ್ದರೆ ಸ್ಪ್ಯಾನ್ ಎಷ್ಟಿದ್ದರೂ ಉತ್ತರ ಕೆಡುವುದಿಲ್ಲ. ಹೆಚ್ಚಿನ ಅನಲೈಸರ್‌ಗಳು ಓಬಿಡಬ್ಲ್ಯೂ ಪಕ್ಕದಲ್ಲೇ ಇದನ್ನೂ ತೋರಿಸುತ್ತವೆ. ಶೇಕಡಾ 99ರ ಅಗಲಕ್ಕೂ ಇದಕ್ಕೂ ಸಮ ಬರಬೇಕೆಂದಿಲ್ಲ, ಹಾಗಾಗಿ ಯಾವುದನ್ನು ಬರೆದಿದ್ದೀರಿ ಎಂದು ಸ್ಪಷ್ಟವಾಗಿ ಹೇಳಿ.

ಮತ್ತೆ ಟ್ಯಾಂಕಿಯ ನೋಡ್‌ಗೆ ಬಂದರೆ, ಕೊನೆಯ ಪರೀಕ್ಷೆ ಹೀಗೆ. ಸೆಂಟರ್ 865.0625 ಮೆಗಾಹರ್ಟ್ಸ್, ಸ್ಪ್ಯಾನ್ 300 ಕಿಲೋಹರ್ಟ್ಸ್, ಆರ್‌ಬಿಡಬ್ಲ್ಯೂ 3, ವಿಬಿಡಬ್ಲ್ಯೂ 10, ಪೀಕ್ ಡಿಟೆಕ್ಟರ್, ಮ್ಯಾಕ್ಸ್ ಹೋಲ್ಡ್. ಉತ್ತರ 125ರ ಆಸುಪಾಸು ಬಂತು ಎನ್ನಿ. ಅಲ್ಲಿಗೇ ನಿಲ್ಲಿಸದೆ ಸ್ಪ್ಯಾನ್ 400 ಮಾಡಿ ನೋಡಿ. ಆರ್‌ಬಿಡಬ್ಲ್ಯೂ 1 ಕಿಲೋಹರ್ಟ್ಸ್ ಮಾಡಿ ನೋಡಿ. ಸಂಖ್ಯೆ ಒಂದೆರಡು ಕಿಲೋಹರ್ಟ್ಸ್ ಆಚೀಚೆ ಅಲುಗಿದರೆ ಅದು ನೋಡ್‌ನ ಅಗಲ. ಸ್ಪ್ಯಾನ್ ಜೊತೆ ಏರಿದರೆ ನೀವು ನಾಯ್ಸ್ ಅಳೆಯುತ್ತಿದ್ದೀರಿ. ಆರ್‌ಬಿಡಬ್ಲ್ಯೂ ಜೊತೆ ಇಳಿದರೆ ಫಿಲ್ಟರನ್ನು ಅಳೆಯುತ್ತಿದ್ದೀರಿ. ವರದಿಯಲ್ಲಿ ಬರೀ 125 ಎಂದು ಬರೆದರೆ ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಸ್ಪ್ಯಾನ್, ಆರ್‌ಬಿಡಬ್ಲ್ಯೂ, ಡಿಟೆಕ್ಟರ್, ಟ್ರೇಸ್, ಹೊರಗಿನ ಅಟೆನ್ಯುಯೇಟರ್, ಎಸ್‌ಎಫ್ ಎಷ್ಟು ಎಂಬುದನ್ನೂ ಬರೆಯಿರಿ, ಪರದೆಯ ಚಿತ್ರವನ್ನೂ ಅಂಟಿಸಿ.